ಲಿನಕ್ಸ್ ಮೇಲೆ ರೆಕಾರ್ಡಿಂಗ್ ಮಾಡುವಾಗ ಚಟ್ ಚಟ್ ಸದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದಲ್ಲಿ ನಮ್ಮ ಮನೆಯ ಹಿತ್ತಲ ಕಡೆಯ ಕೋಣೆಯೇ ನನ್ನ ಸ್ಟುಡಿಯೋ. ಖಯಾಲ್, ವಚನ, ತತ್ವಪದ, ನಡುನಡುವೆ ಹುಬ್ಬಳ್ಳಿ ಹುಡುಗರ ಜಾನಪದ ಹಾಡು. ಎಲ್ಲ ಒಂದೇ ಹಳೇ ಲ್ಯಾಪ್‌ಟಾಪಿನಲ್ಲಿ, ಲಿನಕ್ಸ್ ಮೇಲೆ, ಆರ್ಡೋರ್ ಎಂಬ ಸಾಫ್ಟ್‌ವೇರಿನಲ್ಲಿ. ಲಿನಕ್ಸ್ ಹಿಡಿದ ರೆಕಾರ್ಡಿಂಗ್‌ನವರು ನನಗೆ ಗೊತ್ತಿದ್ದ ಮಟ್ಟಿಗೆ ಈ ಕಡೆ ಜಾಸ್ತಿ ಇಲ್ಲ. ಇದ್ದವರು ಫೋನಿನಲ್ಲೋ, ಲೈನ್ ಬಜಾರಿನಲ್ಲಿ ಚಹಾ ಕುಡಿಯುವಾಗಲೋ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆ. ಅವರ ಮಾತನ್ನು ಹಾಗೇ ಇಟ್ಟಿದ್ದೇನೆ. ಪೂರ್ತಿ ಓದಬೇಕಂತೇನಿಲ್ಲ. ನಿಮ್ಮ ತಕರಾರು ಯಾವುದೋ ಅದನ್ನು ಹುಡುಕಿಕೊಳ್ಳಿ.

## ಮೊದಲು ಸದ್ದಿನ ಗುರುತು

"ಹಾಡು ನಡೆಯೋ ಮುಂದ ನಡುನಡುವ ಚಟ್ ಚಟ್ ಅಂತದ. ಏನಾಗಿರ್ತದ್ರೀ ಅದು?"

ಕಂಪ್ಯೂಟರ್ ಸದ್ದನ್ನು ಧಾರೆಯಾಗಿ ಸುರಿಯುವುದಿಲ್ಲ. ತುತ್ತು ಮಾಡಿ ಕೊಡುತ್ತದೆ. ಆ ತುತ್ತಿನ ಅಳತೆಯೇ ಬಫರ್. ಸದ್ದಿನ ಒಂದೊಂದು ಅಳತೆಗೆ ಸ್ಯಾಂಪಲ್ ಎನ್ನುತ್ತಾರೆ. 48,000 ಹರ್ಟ್ಸ್ ರೇಟಿನಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್ ಇರುವಾಗ, 256 ಸ್ಯಾಂಪಲ್‌ನ ಬಫರ್ ಇಟ್ಟರೆ ಒಂದು ತುತ್ತು 5.3 ಮಿಲಿಸೆಕೆಂಡ್. ಅಂದರೆ ಸೆಕೆಂಡಿಗೆ ಸುಮಾರು 187 ಸಲ ಹೊಸ ತುತ್ತು ತಯಾರಾಗಿರಬೇಕು. ಒಂದು ಸಲ ತಡವಾದರೂ ಸೌಂಡ್ ಕಾರ್ಡಿನ ಬಾಯಿ ಖಾಲಿ. ಆ ಖಾಲಿಯೇ ನಿಮಗೆ ಚಟ್ ಎಂದು ಕೇಳುವುದು. ಇದಕ್ಕೆ ಎಕ್ಸ್‌ರನ್ ಎನ್ನುತ್ತಾರೆ. ಪ್ಲೇ ಆಗುವಾಗ ಆದರೆ ಅಂಡರ್‌ರನ್. ರೆಕಾರ್ಡ್ ಮಾಡುವಾಗ ಕಾರ್ಡ್ ಕೊಟ್ಟದ್ದನ್ನು ಕಂಪ್ಯೂಟರ್ ಸಮಯಕ್ಕೆ ಎತ್ತಿಕೊಳ್ಳದಿದ್ದರೆ ಓವರ್‌ರನ್.

ಹಾಗಾಗಿ ಇದು ವೇಗದ ಮಾತಲ್ಲ, ವೇಳೆಯ ಮಾತು. ತಬಲಾದವನು ಎಷ್ಟೇ ಜೋರಾಗಿ ತಿರುಗಿಸಲಿ, ತಾಳದ ಸಮ್‌ಗೆ ಬಂದು ಕೂಡದಿದ್ದರೆ ಮುಗೀತು, ಅಲ್ವಾ? ಹಾಗೆ.

"ಇದು ಕಂಪ್ಯೂಟರಿಂದೋ, ವೈರಿಂದೋ, ಕರೆಂಟಿಂದೋ? ಹೆಂಗ ಗುರ್ತ ಹಿಡೀಬೇಕ್ರಿ?"

ಈ ಒಂದು ಪರೀಕ್ಷೆ ಮಾಡದೆ ಮುಂದಿನ ಯಾವ ಪ್ರಶ್ನೆಗೂ ಹೋಗಬೇಡಿ. ಅರ್ಧ ಜನ ಇಲ್ಲೇ ದಾರಿ ತಪ್ಪಿ ಹೊಸ ಕಾರ್ಡ್ ಕೊಳ್ಳುತ್ತಾರೆ.

ಚಟ್ ಎಂದ ಜಾಗವನ್ನು ಮೂರು ಸಲ ಪ್ಲೇ ಮಾಡಿ. ಪ್ರತಿ ಸಲವೂ ಅದೇ ಅಕ್ಷರದ ಮೇಲೆ ಬಂದರೆ ಅದು ಫೈಲಿನೊಳಗೇ ಕೂತಿದೆ. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಬಂದರೆ ಫೈಲ್ ಸರಿ ಇದೆ, ಪ್ಲೇ ಆಗುವಾಗ ತುತ್ತು ತಪ್ಪುತ್ತಿದೆ.

ಫೈಲಿನೊಳಗಿದ್ದರೆ ಅಲೆಯನ್ನು ಚೆನ್ನಾಗಿ ದೊಡ್ಡದು ಮಾಡಿ ನೋಡಿ. ಅಲೆಯ ತಲೆ ಸಪಾಟಾಗಿ ಕತ್ತರಿಸಿದ್ದರೆ ಮೈಕಿನ ಗೇನ್ ಜಾಸ್ತಿಯಾಗಿದೆ, ಅದು ಕ್ಲಿಪ್ಪಿಂಗ್. ಅಲೆ ಸರಾಗವಾಗಿ ಬರುತ್ತ ಇದ್ದದ್ದು ಗೋಡೆಯ ಹಾಗೆ ನೆಟ್ಟಗೆ ಜಿಗಿದಿದ್ದರೆ ಅಲ್ಲಿ ಸ್ಯಾಂಪಲ್ ಕಳೆದಿದೆ, ಅದು ಓವರ್‌ರನ್. ವೈರ್ ಮುಟ್ಟಿದಾಗ, ಜ್ಯಾಕ್ ತಿರುವಿದಾಗ ಮಾತ್ರ ಕರಕರ ಬಂದರೆ ಲಿನಕ್ಸನ್ನು ಬಯ್ಯಬೇಡಿ, ಬೆಸುಗೆ ಬಿಟ್ಟಿದೆ.

"ನನಗ ಚಟ್ ಅಲ್ರಿ, ಗುಂಯ್ ಅಂತ ಒಂದs ಸವನ ಬರ್ತೈತಿ. ಬಫರ್ ಏರಿಸಿದ್ರೂ ಹೋಗವಲ್ದು."

ಹೋಗುವುದಿಲ್ಲ. ಅದು ಬಫರಿನ ಕೆಲಸವೇ ಅಲ್ಲ. ಬಿಡದೆ ಬರುವ ಗುಂಯ್ ಎಂದರೆ 50 ಹರ್ಟ್ಸ್ ಕರೆಂಟಿನ ಸದ್ದು. ಚಾರ್ಜರ್ ಪ್ಲಗ್ ತೆಗೆದು ಲ್ಯಾಪ್‌ಟಾಪನ್ನು ಬ್ಯಾಟರಿ ಮೇಲೆ ಓಡಿಸಿ. ಸದ್ದು ನಿಂತರೆ ಅರ್ತಿಂಗ್ ತಕರಾರು. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೇಲಿನ ತೂತಿಗೆ ಒಳಗೆ ವೈರೇ ಇರುವುದಿಲ್ಲ. ಎಲೆಕ್ಟ್ರಿಶಿಯನ್ ಕರೆಸಿ ತೋರಿಸಿ. ಲ್ಯಾಪ್‌ಟಾಪ್, ಕಾರ್ಡ್, ಸ್ಪೀಕರ್ ಮೂರನ್ನೂ ಒಂದೇ ಬೋರ್ಡಿಗೆ ಹಚ್ಚಿ. ಪ್ಲಗ್ಗಿನ ಅರ್ತ್ ಪಿನ್ ಮುರಿದು ಹಾಕಿದರೆ ಸದ್ದು ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಜೀವದ ಪ್ರಶ್ನೆ ಅದು. ಇನ್ವರ್ಟರ್ ಮೇಲೆ ಹೋದಾಗ ಮಾತ್ರ ಝರ್ ಎನ್ನುತ್ತಿದ್ದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬಹುದು. ರೆಕಾರ್ಡಿಂಗಿಗೆ ಸೈನ್ ವೇವ್‌ನದೇ ಬೇಕು.

"ಹಾಡು ಹಚ್ಚಿದ ಕೂಡ್ಲೆ ಒಂದು ಟಪ್ ಅಂತದ, ಆಮ್ಯಾಲೆ ಏನೂ ಇಲ್ಲ."

ಸದ್ದಿಲ್ಲದಾಗ ಲ್ಯಾಪ್‌ಟಾಪಿನ ಸೌಂಡ್ ಚಿಪ್ ಮಲಗುತ್ತದೆ, ಎಬ್ಬಿಸಿದಾಗ ಟಪ್ ಎನ್ನುತ್ತದೆ. ಕರೆಂಟ್ ಉಳಿಸುವ ಸೆಟ್ಟಿಂಗ್ ಅಷ್ಟೇ. ರೆಕಾರ್ಡಿಂಗಿಗೂ ಅದಕ್ಕೂ ಸಂಬಂಧವಿಲ್ಲ. ಕಿರಿಕಿರಿಯಾದರೆ ಇಂಟೆಲ್ ಎಚ್‌ಡಿಎ ಡ್ರೈವರಿನ ಪವರ್ ಸೇವ್ ಬೆಲೆಯನ್ನು 0 ಮಾಡಿ.

## ಖರ್ಚಿಲ್ಲದ ಉಪಾಯಗಳು

"ಲ್ಯಾಪ್‌ಟಾಪ್ ಹೊಸಾದೈತಿ, 16 ಜಿಬಿ ರ‍್ಯಾಮ್ ಐತಿ. ಆದ್ರೂ ಯಾಕ ಹಿಂಗ?"

ಹೊಸದಾಗಿರುವುದೇ ಒಂದು ಕಾರಣ. ಹೊಸ ಪ್ರೊಸೆಸರುಗಳಿಗೆ ನಿದ್ದೆ ಜಾಸ್ತಿ. ಕೆಲಸ ಕಡಿಮೆ ಕಂಡರೆ ವೇಗ ಇಳಿಸುತ್ತವೆ, ಇನ್ನೂ ಕಡಿಮೆ ಕಂಡರೆ ಗಾಢ ನಿದ್ದೆಗೆ ಹೋಗುತ್ತವೆ. ಎಚ್ಚರವಾಗಿ ವೇಗ ಹಿಡಿಯುವಷ್ಟರಲ್ಲಿ ತುತ್ತಿನ ವೇಳೆ ಮೀರಿರುತ್ತದೆ. ಅದಕ್ಕೇ ಬರೀ ಒಂದು ತಂಬೂರಿ ಟ್ರ್ಯಾಕ್ ಓಡುವಾಗ ಚಟ್ ಎನ್ನುವ ಲ್ಯಾಪ್‌ಟಾಪು, ಹತ್ತು ಟ್ರ್ಯಾಕ್ ಹಾಕಿದಾಗ ಸುಮ್ನೆ ಕೆಲಸ ಮಾಡುವುದನ್ನು ನೋಡಿದ್ದೇನೆ.

ಸಿಸ್ಟಮ್ ಸೆಟ್ಟಿಂಗಿನ ಪವರ್ ಭಾಗದಲ್ಲಿ ಪರ್ಫಾರ್ಮೆನ್ಸ್ ಮೋಡ್ ಆರಿಸಿ. ಆ ಆಯ್ಕೆ ಕಾಣದಿದ್ದರೆ ಸಿಪಿಯು-ಪವರ್ (cpupower) ಎಂಬ ಟೂಲ್‌ನಿಂದ, ವೇಗ ನಿರ್ಧರಿಸುವ ಗವರ್ನರನ್ನು ಪರ್ಫಾರ್ಮೆನ್ಸ್‌ಗೆ ಇಡಬಹುದು. ಚಾರ್ಜರ್ ಹಚ್ಚಿಯೇ ಕೆಲಸ ಮಾಡಿ. ಬ್ಯಾಟರಿ ಮೇಲೆ ಎಷ್ಟೋ ಲ್ಯಾಪ್‌ಟಾಪ್‌ಗಳು ತಾವೇ ವೇಗ ಇಳಿಸಿಕೊಳ್ಳುತ್ತವೆ. ಹಾಂ, ಮೇಲೆ ಗುಂಯ್ ಸದ್ದಿಗೆ ಬ್ಯಾಟರಿ ಮೇಲೆ ಓಡಿಸಿ ಎಂದೆ. ಅದು ಪರೀಕ್ಷೆಗೆ ಮಾತ್ರ.

"ಬಫರ್ ಎಷ್ಟಿಟ್ರ ಚಲೋ?"

ಒಂದೇ ಸಂಖ್ಯೆ ಹೇಳಿ ಎನ್ನುತ್ತಾರೆ ಎಲ್ಲರೂ. ಹೇಳಲಿಕ್ಕೆ ಬರುವುದಿಲ್ಲ. ಕೆಲಸ ಯಾವುದು ಎಂಬುದರ ಮೇಲೆ ಅದು. 48,000 ಹರ್ಟ್ಸ್‌ನಲ್ಲಿ 128 ಇಟ್ಟರೆ 2.7 ಮಿಲಿಸೆಕೆಂಡ್, 512ಕ್ಕೆ 10.7, 1024ಕ್ಕೆ 21.3. ಒಳಗೆ ಹೋಗಿ ಹೊರಗೆ ಬರುವ ಒಟ್ಟು ತಡ ಇದರ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ಗಾಳಿಯಲ್ಲಿ ಸದ್ದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಅಂದರೆ 10 ಮಿಲಿಸೆಕೆಂಡ್ ತಡ ಎಂದರೆ ಬೈಠಕ್ಕಿನಲ್ಲಿ ತಬಲಾದಿಂದ ಮೂರೂವರೆ ಮೀಟರ್ ದೂರ ಕೂತಷ್ಟು. ಗಾಯಕರಿಗೆ ಅದು ಸಾಮಾನ್ಯವಾಗಿ ನಡೆಯುತ್ತದೆ. ಕೀಬೋರ್ಡಿನಲ್ಲಿ ತಬಲಾ ಬೋಲ್ ಬಾರಿಸುವವರಿಗೆ ನಡೆಯುವುದಿಲ್ಲ, ಬೆರಳಿಗೂ ಕಿವಿಗೂ ಜಗಳ ಬೀಳುತ್ತದೆ.

ನನ್ನ ಪದ್ಧತಿ ಇಷ್ಟು. ಕೀಬೋರ್ಡ್ ನುಡಿಸುವಾಗ 128. ಮಿಕ್ಸ್ ಮಾಡುವಾಗ 1024. ಗಾಯನ ರೆಕಾರ್ಡ್ ಮಾಡುವಾಗಲೂ 512, ಯಾಕೆಂದರೆ ನನ್ನ ಕಾರ್ಡಿನಲ್ಲಿ ಡೈರೆಕ್ಟ್ ಮಾನಿಟರ್ ಇದೆ. ಗಾಯಕರ ದನಿ ಕಂಪ್ಯೂಟರ್ ಸುತ್ತಿ ಬರದೆ ಕಾರ್ಡಿನಿಂದಲೇ ನೇರವಾಗಿ ಹೆಡ್‌ಫೋನಿಗೆ ಹೋಗುತ್ತದೆ. ಆಗ ಬಫರ್ ಎಷ್ಟಿದ್ದರೂ ಅವರಿಗೆ ತಡ ಗೊತ್ತಾಗುವುದಿಲ್ಲ. ಆ ಗುಂಡಿ ಇದ್ದೂ ಮುಟ್ಟದೆ, 64ರ ಬಫರಿನೊಂದಿಗೆ ವರ್ಷಗಟ್ಟಲೆ ಗುದ್ದಾಡಿದವರು ಇದ್ದಾರೆ.

"ಮೊದಲ ಇಪ್ಪತ್ತು ನಿಮಿಷ ಸರಿ ಇರ್ತದ. ಆಮ್ಯಾಲೆ ಶುರು ಆಗ್ತದ."

ಬಿಸಿ. ಹೆಚ್ಚಿನಂಶ ಬಿಸಿಯೇ. ನಮ್ಮಲ್ಲಿ ಎಲ್ಲರೂ ನೆಲದ ಮೇಲೆ ಕೂತೇ ಹಾಡುವುದು, ನುಡಿಸುವುದು. ಲ್ಯಾಪ್‌ಟಾಪೂ ಅವರ ಪಕ್ಕದಲ್ಲಿ ಗಾದಿ ಮೇಲೆ ಕೂತಿರುತ್ತದೆ. ಗಾಳಿ ಎಳೆಯುವ ಕಿಂಡಿ ಇರುವುದು ಹೊಟ್ಟೆಯ ಕೆಳಗೆ. ಗಾದಿ ಅದನ್ನು ಮುಚ್ಚಿಬಿಡುತ್ತದೆ. ಏಪ್ರಿಲ್ ತಿಂಗಳಿನಲ್ಲಿ, ಫ್ಯಾನ್ ಸದ್ದು ಮೈಕಿಗೆ ಬೀಳುತ್ತದೆಂದು ಕೋಣೆಯ ಫ್ಯಾನೂ ಬಂದ್ ಮಾಡಿರುತ್ತೇವೆ. ಪ್ರೊಸೆಸರ್ ಸುಡುವ ಹಾಗಾದಾಗ ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ಸಟ್ಟನೆ ಇಳಿಸುತ್ತದೆ. ಅಲ್ಲಿಂದ ಚಟ್ ಚಟ್.

ಸೆನ್ಸರ್ಸ್ (sensors) ಎಂಬ ಕಮಾಂಡ್ ಓಡಿಸಿದರೆ ಉಷ್ಣತೆ ಕಾಣುತ್ತದೆ. 90 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದರೆ ಕಾರಣ ಸಿಕ್ಕಿತು. ಲ್ಯಾಪ್‌ಟಾಪ್ ಕೆಳಗೆ ಒಂದು ರೊಟ್ಟಿ ಮಣೆ ಇಡಿ. ಹಾಸ್ಯವಲ್ಲ, ನಾನು ಇಡುವುದು ಅದನ್ನೇ. ವರ್ಷಕ್ಕೊಮ್ಮೆ ಒಳಗೆ ಸ್ವಚ್ಛ ಮಾಡಿಸಿ. ನನ್ನದನ್ನು ಬಿಚ್ಚಿದಾಗ ಫ್ಯಾನಿಗೂ ತಾಮ್ರದ ಜಾಲರಿಗೂ ನಡುವೆ ಬೂದು ಬಣ್ಣದ ಒಂದು ಪಟ್ಟಿ ಇಡಿಯಾಗಿ ಎದ್ದು ಬಂತು. ಧೂಳು, ಕೂದಲು, ಹತ್ತಿ ಎಳೆ ಸೇರಿ ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿತ್ತು. ಅದನ್ನು ತೆಗೆದು ಥರ್ಮಲ್ ಪೇಸ್ಟ್ ಹೊಸದು ಹಚ್ಚಿದ ಮೇಲೆ ಉಷ್ಣತೆ ಚೆನ್ನಾಗಿ ಇಳಿಯಿತು. ಚಟ್ ಚಟ್ ಕೂಡ.

"ಯುಎಸ್‌ಬಿ ಕಾರ್ಡ್ ಯಾವ ಪೋರ್ಟಿಗೆ ಹಚ್ಚಿದ್ರೇನು, ಎಲ್ಲಾ ಒಂದs ಅಲ್ಲೇನು?"

ಅಲ್ಲ. ಎರಡು ವರ್ಷದ ಹಿಂದೆ ಹಿರಿಯ ಗಾಯಕರೊಬ್ಬರ ಭೀಮಪಲಾಸ್ ರಾಗ ಹಿಡಿಯುತ್ತಿದ್ದೆ. ವಿಲಂಬಿತ್ ನಡೆದಿತ್ತು. ಎರಡು ನಿಮಿಷಕ್ಕೊಮ್ಮೆ ಒಂದು ಚಟ್. ಬಫರ್ ಏರಿಸಿದೆ, ಹೋಗಲಿಲ್ಲ. ಮೂರನೇ ಸಲ ನಿಲ್ಲಿಸಿದಾಗ ಅವರು ತಂಬೂರಿ ಮೇಲೆ ಕೈ ಇಟ್ಟು, "ತಮ್ಮಾ, ನಿನ್ನ ಪೆಟ್ಟಿಗಿಗೆ ಕೆಮ್ಮು ಬಂದದೇನೋ?" ಎಂದರು. ಮೈಯೆಲ್ಲ ಬೆವರು.

ಲಿನಕ್ಸಿನ ತಿರುಳಾದ ಕರ್ನಲ್ಲಿನ ಸಂದೇಶ ತೋರಿಸುವ ಡಿಮೆಸ್ಗ್ (dmesg) ಕಮಾಂಡ್ ಓಡಿಸಿ ನೋಡಿದರೆ, ಹೊಸ ಯುಎಸ್‌ಬಿ ಸಾಧನ ಬಂತು, ಹೋಯಿತು, ಮತ್ತೆ ಬಂತು ಎಂದು ಸಾಲು ಸಾಲು. ಶಿಷ್ಯ ತನ್ನ ಫೋನನ್ನು ನನ್ನ ಲ್ಯಾಪ್‌ಟಾಪಿಗೆ ಚಾರ್ಜಿಗೆ ಹಾಕಿದ್ದ. ಕೇಬಲ್ ಸಡಿಲಿತ್ತು. ಅದು ಬಿಟ್ಟು ಹಿಡಿದಾಗಲೆಲ್ಲ ಅದೇ ಹಬ್‌ನಲ್ಲಿದ್ದ ನನ್ನ ಸೌಂಡ್ ಕಾರ್ಡಿನ ಕೆಲಸ ಕೆಡುತ್ತಿತ್ತು. ಫೋನ್ ಕಿತ್ತೆ. ಬಂದಿಶ್ ಪೂರ್ತಿ ಮುಗಿಯಿತು, ಒಂದೂ ಚಟ್ ಇಲ್ಲ.

ಕಾರ್ಡಿಗೆ ಒಂದು ಪೋರ್ಟ್ ಬೇರೆಯೇ ಇರಲಿ. ನಡುವೆ ಹಬ್ ಬೇಡ. ಹೊರಗೆ ಬೇರೆ ಬೇರೆ ಕಾಣುವ ಪೋರ್ಟುಗಳು ಒಳಗೆ ಒಂದೇ ಕಂಟ್ರೋಲರಿಗೆ ಹೋಗಿರಬಹುದು. ಎಲ್‌ಎಸ್-ಯುಎಸ್‌ಬಿ ಕಮಾಂಡಿಗೆ ಹೈಫನ್ ಟಿ ಸೇರಿಸಿ (lsusb -t) ಓಡಿಸಿದರೆ ಯಾರು ಯಾರ ಜೊತೆ ಇದ್ದಾರೆ ಎಂದು ಮರದ ಹಾಗೆ ತೋರಿಸುತ್ತದೆ. ಬ್ಯಾಟರಿ ಉಳಿಸಲಿಕ್ಕೆಂದು ಪವರ್‌ಟಾಪ್‌ನ ಆಟೋ-ಟ್ಯೂನ್ ಹಾಕಿಕೊಂಡಿದ್ದರೆ ತೆಗೆಯಿರಿ. ಅದು ಯುಎಸ್‌ಬಿ ಸಾಧನಗಳನ್ನೂ ಮಲಗಿಸುತ್ತದೆ.

"ವೈಫೈ ಬಂದ್ ಮಾಡ್ರಿ ಅಂತಾರ. ಖರೇನೇನು?"

ಖರೇ. ಎಲ್ಲ ಲ್ಯಾಪ್‌ಟಾಪಿನಲ್ಲೂ ಅಲ್ಲ, ಆದರೆ ಕೆಲವು ವೈಫೈ ಡ್ರೈವರುಗಳು ಪ್ರೊಸೆಸರನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದು ನಿಲ್ಲಿಸುತ್ತವೆ. ಏರೋಪ್ಲೇನ್ ಮೋಡ್ ಒತ್ತಿ ಹತ್ತು ನಿಮಿಷ ನೋಡಿ. ಬ್ಲೂಟೂತ್ ಕೂಡ ಅದರಲ್ಲೇ ಬಂದ್ ಆಗುತ್ತದೆ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡ್ ಮಾಡುತ್ತಿದ್ದೀರಾ? ಮಾಡಬೇಡಿ. ಸಾಮಾನ್ಯವಾಗಿ 100 ಮಿಲಿಸೆಕೆಂಡಿಗೂ ಮೀರಿದ ತಡ ಇರುತ್ತದೆ ಅದರಲ್ಲಿ.

"ಎಸ್‌ಎಸ್‌ಡಿ ಹಾಕಿಸಿದ್ರ ನಿಲ್ತದೇನು?"

ಲೆಕ್ಕ ಹಾಕೋಣ. 48,000 ಹರ್ಟ್ಸ್, 24 ಬಿಟ್ ಆದರೆ ಒಂದು ಮೊನೊ ಟ್ರ್ಯಾಕಿಗೆ ಸೆಕೆಂಡಿಗೆ 1,44,000 ಬೈಟ್. ಎಂಟು ಟ್ರ್ಯಾಕ್ ಒಟ್ಟಿಗೆ ಹಿಡಿದರೂ ಸುಮಾರು 1.15 ಎಂಬಿ. ಹಳೇ ಹಾರ್ಡ್ ಡಿಸ್ಕಿಗೂ ಇದು ಭಾರವಲ್ಲ. ಎಸ್‌ಎಸ್‌ಡಿ ಹಾಕಿಸಿ, ಕಂಪ್ಯೂಟರ್ ಚುರುಕಾಗುತ್ತದೆ, ಹಾರ್ಡ್ ಡಿಸ್ಕಿನ ಗರಗರ ಮೈಕಿಗೆ ಬೀಳುವುದಿಲ್ಲ. ಚಟ್ ಚಟ್ ನಿಲ್ಲಲಿ ಎಂದು ಮಾತ್ರ ದುಡ್ಡು ಹಾಕಬೇಡಿ.

## ಸಾಫ್ಟ್‌ವೇರ್ ಒಳಗೆ ಕೈ ಹಾಕುವವರಿಗೆ

"ಆಲ್ಸಾ, ಪಲ್ಸ್‌ಆಡಿಯೋ, ಜ್ಯಾಕ್, ಪೈಪ್‌ವೈರ್... ತಲಿ ತಿರುಗ್ತದ್ರೀ. ಯಾವ್ದು ಇಟ್ಕೋಬೇಕು?"

ಆಲ್ಸಾ ಎಂದರೆ ಕರ್ನಲ್ಲಿನಲ್ಲಿರುವ ಡ್ರೈವರ್, ಅದು ಎಲ್ಲದರ ಬುಡ. ಪಲ್ಸ್‌ಆಡಿಯೋ ಮನೆಮಂದಿಯ ಬಳಕೆಗೆ, ಜ್ಯಾಕ್ ಸ್ಟುಡಿಯೋದವರಿಗೆ ಎಂದು ಮೊದಲು ಎರಡು ಒಲೆ ಇದ್ದವು. ಈಗ ಪೈಪ್‌ವೈರ್ ಎರಡರ ಅಡುಗೆಯನ್ನೂ ಒಂದೇ ಒಲೆ ಮೇಲೆ ಮಾಡುತ್ತದೆ. ಫೆಡೋರಾ 2021ರಲ್ಲಿ, 34ನೇ ಆವೃತ್ತಿಯಿಂದ ಅದನ್ನೇ ಕೊಡುತ್ತಿದೆ, ಉಬುಂಟು 22.10ರಿಂದ. ಪೈಪ್‌ವೈರ್ 1.0 ಬಂದದ್ದು 2023ರ ನವೆಂಬರಿನಲ್ಲಿ. ನಿಮ್ಮದು ಅದಕ್ಕಿಂತ ಹಳೆಯದಾಗಿದ್ದರೆ ಮೊದಲು ಅಪ್‌ಡೇಟ್ ಮಾಡಿ.

ಎಡವಟ್ಟಾಗುವುದು ಹಳೇ ಜ್ಯಾಕ್ ಸರ್ವರನ್ನೂ ಪೈಪ್‌ವೈರನ್ನೂ ಒಂದೇ ಕಾರ್ಡಿನ ಮೇಲೆ ಬಿಟ್ಟಾಗ. ಒಬ್ಬರು ಹಿಡಿದರೆ ಇನ್ನೊಬ್ಬರಿಗೆ ಸಿಗುವುದಿಲ್ಲ. ಪೈಪ್‌ವೈರ್ ಇದ್ದರೆ ಅದರ ಜ್ಯಾಕ್ ಪ್ಯಾಕೇಜ್ ಹಾಕಿಕೊಳ್ಳಿ, ಹಳೇ ಸರ್ವರ್ ಬೇಡ. ನಾನು ಬರೀ ರೆಕಾರ್ಡಿಂಗ್ ಇದ್ದಾಗ ಆರ್ಡೋರ್‌ನಲ್ಲಿ ನೇರ ಆಲ್ಸಾ ಆರಿಸುತ್ತೇನೆ. ಆ ಕಾರ್ಡು ಆಗ ಬೇರೆ ಯಾವ ಪ್ರೋಗ್ರಾಮಿಗೂ ಸಿಗುವುದಿಲ್ಲ. ಅದೇ ನನಗೆ ಬೇಕಾದ್ದು.

"ಯಾವ್ದರಿಂದ ತಡ ಆಗ್ತದಂತ ನೋಡಾಕ ಏನರ ಐತೇನು?"

ಪೈಪ್‌ವೈರ್ ಜೊತೆಗೇ ಬರುವ ಪಿಡಬ್ಲ್ಯೂ-ಟಾಪ್ (pw-top). ಟರ್ಮಿನಲ್‌ನಲ್ಲಿ ಅದನ್ನು ಓಡಿಸಿ ಹಾಡು ಹಚ್ಚಿ. ಬಲಗಡೆಯ ಇಆರ್‌ಆರ್ ಕಾಲಂ ಎಣಿಕೆ ಏರುತ್ತಿದ್ದರೆ ಎಕ್ಸ್‌ರನ್ ಆಗುತ್ತಿದೆ. ಯಾವ ಸಾಲಿನಲ್ಲಿ ಏರುತ್ತಿದೆ ನೋಡಿ. ಆಮೇಲೆ ಆ ಸಾಲಿನ ವೇಟ್ (WAIT) ಮತ್ತು ಬ್ಯುಸಿ (BUSY) ಕಾಲಂ. ಬ್ಯುಸಿ ದೊಡ್ಡದಿದ್ದರೆ ಆ ಪ್ರೋಗ್ರಾಮಿಗೆ ಕೆಲಸವೇ ಜಾಸ್ತಿ, ಪ್ಲಗಿನ್ (ರಿವರ್ಬ್‌ನಂಥ ಪರಿಣಾಮ ಕೊಡುವ ಸೇರ್ಪಡೆ) ಇಳಿಸಿ ಇಲ್ಲವೇ ಬಫರ್ ಏರಿಸಿ. ಬ್ಯುಸಿ ಸಣ್ಣದಿದ್ದು ವೇಟ್ ದೊಡ್ಡದಿದ್ದರೆ ಅದಕ್ಕೆ ಸರದಿಯೇ ಸಿಗುತ್ತಿಲ್ಲ, ಬೇರೆ ಯಾರೋ ಪ್ರೊಸೆಸರ್ ಹಿಡಿದಿದ್ದಾರೆ. ಆಗ ಮುಂದಿನ ಪ್ರಶ್ನೆ ನಿಮಗೇ.

"ರಿಯಲ್‌ಟೈಮ್ ಪರ್ಮಿಶನ್ ಇಲ್ಲ ಅಂತ ಬರ್ತದ. ಏನ್ ಮಾಡ್ಲಿ?"

ಸದ್ದಿನ ಕೆಲಸಕ್ಕೆ ಮುಂದಿನ ಸಾಲಿನ ಕುರ್ಚಿ ಕೊಡಬೇಕು. ಕೊಡುವುದು ಲಿಮಿಟ್ಸ್ ಎಂಬ ಸೆಟ್ಟಿಂಗ್. ನಿಮ್ಮನ್ನು ಆಡಿಯೋ ಗುಂಪಿಗೆ ಸೇರಿಸಿ, ಆ ಗುಂಪಿಗೆ ಆರ್‌ಟಿ-ಪ್ರಯೋ 95, ಮೆಮ್-ಲಾಕ್ ಅನ್‌ಲಿಮಿಟೆಡ್ (rtprio 95, memlock unlimited) ಎಂದು ಬರೆಯಬೇಕು. ಉಬುಂಟು ಸ್ಟುಡಿಯೋದಂಥ ಸಂಗೀತದವರ ಆವೃತ್ತಿಗಳಲ್ಲಿ ಇದಕ್ಕೆ ಸಿದ್ಧ ವ್ಯವಸ್ಥೆ ಇರುತ್ತದೆ. ಕೆಲವು ಲಿನಕ್ಸ್‌ಗಳಲ್ಲಿ ಗುಂಪಿನ ಹೆಸರು ರಿಯಲ್‌ಟೈಮ್ ಎಂದಿರುತ್ತದೆ. ಬರೆದ ಮೇಲೆ ಲಾಗ್‌ಔಟ್ ಮಾಡಿ ಮತ್ತೆ ಒಳಗೆ ಬನ್ನಿ. ಇದನ್ನು ಮರೆತು ಕೆಲಸವಾಗಲಿಲ್ಲ ಎನ್ನುವವರು ಬಹಳ. ಯುಲಿಮಿಟ್ ಹೈಫನ್ ಆರ್ (ulimit -r) ಓಡಿಸಿದರೆ 95 ಬರಬೇಕು. 0 ಬಂದರೆ ಹತ್ತಿಲ್ಲ. ಎಲ್ಲವನ್ನೂ ಒಟ್ಟಿಗೆ ತಪಾಸಣೆ ಮಾಡಿ ಹೇಳುವ ಆರ್‌ಟಿಸಿಕ್ಯೂಎಸ್ (rtcqs) ಎಂಬ ಸಣ್ಣ ಪ್ರೋಗ್ರಾಮೂ ಇದೆ. ಅದು ಹೇಳಿದ್ದನ್ನೆಲ್ಲ ಮಾಡಬೇಕಿಲ್ಲ, ಒಂದೊಂದೇ ಮಾಡಿ ನೋಡಿ.

"ಯುಎಸ್‌ಬಿ ಮೈಕ್‌ನಾಗ ಹಾಡ್ತೀನಿ, ಕೇಳೋದು ಲ್ಯಾಪ್‌ಟಾಪಿನ ಇಯರ್‌ಫೋನ್‌ನಾಗ. ನಡುನಡುವ ಚಟ್ ಅಂತದ."

ಮೈಕಿಗೆ ಅದರದೇ ಗಡಿಯಾರ, ಲ್ಯಾಪ್‌ಟಾಪಿನ ಕಾರ್ಡಿಗೆ ಅದರದೇ ಗಡಿಯಾರ. ಎರಡೂ 48,000 ಎನ್ನುತ್ತವೆ, ಆದರೆ ಒಂದರ 48,000ಕ್ಕೂ ಇನ್ನೊಂದರ 48,000ಕ್ಕೂ ಕೂದಲೆಳೆಯ ವ್ಯತ್ಯಾಸ. ಎರಡು ಕೋಣೆಯಲ್ಲಿ ಕೂತ ಇಬ್ಬರು ಒಬ್ಬರಿಗೊಬ್ಬರು ಕೇಳದಂತೆ ಒಂದೇ ಲಯ ಹಿಡಿದ ಹಾಗೆ. ಸ್ವಲ್ಪ ಹೊತ್ತಿಗೆ ಒಬ್ಬ ಮುಂದೆ, ಒಬ್ಬ ಹಿಂದೆ. ಪೈಪ್‌ವೈರ್ ಈ ಅಂತರವನ್ನು ತಾನೇ ಸರಿದೂಗಿಸಲು ನೋಡುತ್ತದೆ. ಬಫರ್ ಸಣ್ಣದಿದ್ದರೆ ಕೈ ಸೋಲಬಹುದು. ಇಯರ್‌ಫೋನನ್ನು ಮೈಕಿನ ಮೇಲೇ ಇರುವ ತೂತಿಗೆ ಹಚ್ಚಿ. ಅಂಥ ತೂತಿಲ್ಲದ ಮೈಕಾದರೆ ಬಫರ್ ಏರಿಸಿ.

## ಇನ್ನೂ ಆಳಕ್ಕೆ

"ರಿಯಲ್‌ಟೈಮ್ ಕರ್ನಲ್ ಹಾಕ್ಲಿ?"

ಇಲ್ಲಿಯವರೆಗಿನದೆಲ್ಲ ಮಾಡಿದ್ದೀರಾ? ಮಾಡದೆ ಕರ್ನಲ್ ಬದಲಿಸುವುದು, ಗ್ಯಾಸ್ ಮುಗಿದದ್ದಕ್ಕೆ ಒಲೆ ಬದಲಿಸಿದ ಹಾಗೆ.

ಈಗ ಹಾಕುವುದು ಸುಲಭ, ಅದು ನಿಜ. ಸುಮಾರು 20 ವರ್ಷ ಹೊರಗೇ ಪ್ಯಾಚ್ ಆಗಿದ್ದ ಪ್ರಿಎಂಪ್ಟ್-ಆರ್‌ಟಿ ಎಂಬ ರಿಯಲ್‌ಟೈಮ್ ತಿದ್ದುಪಡಿ 2024ರಲ್ಲಿ, 6.12 ಆವೃತ್ತಿಯಲ್ಲಿ, ಲಿನಕ್ಸ್ ಕರ್ನಲ್ಲಿನ ಮುಖ್ಯ ಭಾಗಕ್ಕೇ ಸೇರಿತು. ಅದಕ್ಕೂ ಮೊದಲು ಒಂದು ಹಗುರ ಉಪಾಯ ನೋಡಿ. ಸಾಮಾನ್ಯ ಕರ್ನಲ್ಲಿಗೇ ಬೂಟ್ ಸಾಲಿನಲ್ಲಿ ಪ್ರಿಎಂಪ್ಟ್ ಸಮ ಫುಲ್, ಜೊತೆಗೆ ಥ್ರೆಡ್-ಐಆರ್‌ಕ್ಯೂಸ್ (preempt=full threadirqs) ಎಂದು ಸೇರಿಸಿ. ಮೊದಲನೆಯದು 5.12 ನಂತರದ ಕರ್ನಲ್ಲುಗಳಲ್ಲಿ, ಆ ಸೌಲಭ್ಯ ಸೇರಿಸಿ ಕಟ್ಟಿದ್ದರೆ, ನಡೆಯುತ್ತದೆ. ನನಗೆ ಇಷ್ಟೇ ಸಾಕಾಗಿದೆ. ರಿಯಲ್‌ಟೈಮ್ ಕರ್ನಲ್ಲಿನಲ್ಲಿ ಒಟ್ಟಾರೆ ವೇಗ ಸ್ವಲ್ಪ ಕಡಿಮೆಯಾಗುತ್ತದೆ, ವೇಳೆ ತಪ್ಪುವುದು ಇನ್ನೂ ಕಡಿಮೆಯಾಗುತ್ತದೆ. 64ರ ಬಫರಿನಲ್ಲಿ ಎದುರು ಕೂತು ನುಡಿಸುವವರಿಗೆ ಬೇಕು. 512ರಲ್ಲಿ ವಚನ ಹಿಡಿಯುವವರಿಗೆ ಯಾಕೆ?

"ಹಾಡು ಮುಗಿದು ರಿವರ್ಬ್ ಆರೋ ಮುಂದ ಚಟಚಟ ಅಂತದ. ಹಾಡೋ ಮುಂದ ಏನೂ ಇಲ್ಲ. ಉಲ್ಟಾ ಆತಲ್ಲ?"

ಇದು ನನಗೆ ಬಲು ಇಷ್ಟದ ತಕರಾರು. ರಿವರ್ಬ್, ಅಂದರೆ ಹಾಡಿಗೆ ಕೂಡಿಸಿದ ಅನುರಣನ, ಆರುತ್ತ ಹೋದಂತೆ ಸಂಖ್ಯೆಗಳು ಸಣ್ಣದಾಗುತ್ತವೆ, ಇನ್ನೂ ಸಣ್ಣದಾಗುತ್ತವೆ, ಆದರೆ ಸೊನ್ನೆ ಆಗುವುದಿಲ್ಲ. ಅಷ್ಟು ಸಣ್ಣ ಸಂಖ್ಯೆಗೆ ಡಿನಾರ್ಮಲ್ ಎನ್ನುತ್ತಾರೆ. ಅಂಥವನ್ನು ಗುಣಿಸಲು ಕೆಲವು ಪ್ರೊಸೆಸರುಗಳಿಗೆ ಹತ್ತಾರು ಪಟ್ಟು ಹೊತ್ತು ಬೇಕು. ಕಿವಿಗೆ ಕೇಳದ ಸದ್ದಿಗಾಗಿ ಪ್ರೊಸೆಸರ್ ಬೆವರು ಸುರಿಸುತ್ತಿರುತ್ತದೆ. ಆರ್ಡೋರ್‌ನ ಪ್ರಿಫರೆನ್ಸಸ್‌ನಲ್ಲಿ ಡಿನಾರ್ಮಲ್ ಬಗ್ಗೆ ಆಯ್ಕೆ ಇದೆ, ಫ್ಲಶ್ ಟು ಝೀರೋ ಮಾಡಿ. ತಂಬೂರಿ ಇಡೀ ಹಾಡಿನುದ್ದ ಮಿಡಿಯುವ ರೆಕಾರ್ಡಿಂಗ್‌ನಲ್ಲಿ ಈ ತಕರಾರು ಕಾಣುವುದು ಕೊನೆಗೆ ಮಾತ್ರ. ನಿಶ್ಶಬ್ದವೇ ಇಲ್ಲವಲ್ಲ, ಅದಕ್ಕೆ.

"ಪ್ಲೇ ಮಾಡೋ ಮುಂದ ಚಟ್ ಅಂತೈತಿ, ಎಕ್ಸ್‌ಪೋರ್ಟ್ ಮಾಡಿದ ಫೈಲ್‌ನಾಗ ಏನೂ ಇಲ್ಲ. ಬಿಟ್ಟಬಿಡ್ಲಿ?"

ಬಿಡಬಹುದು. ಎಕ್ಸ್‌ಪೋರ್ಟ್ ಆಗುವಾಗ ಗಡಿಯಾರದ ಹಂಗಿಲ್ಲ. ಪ್ರೊಸೆಸರ್ ಬೇಕಾದಷ್ಟು ಹೊತ್ತು ತೆಗೆದುಕೊಂಡು ಲೆಕ್ಕ ಮುಗಿಸುತ್ತದೆ. ಮಿಕ್ಸ್ ಮಾಡುವಾಗ ಕಿರಿಕಿರಿ ಆದರೆ ಭಾರೀ ಪ್ಲಗಿನ್ ಇರುವ ಟ್ರ್ಯಾಕನ್ನು ಫ್ರೀಜ್ ಮಾಡಿ, ಅಂದರೆ ಪ್ಲಗಿನ್ನಿನ ಲೆಕ್ಕವನ್ನು ಮೊದಲೇ ಮುಗಿಸಿಡಿ.

"ಗುರುಗಳು ಹಾಡಿ ಹೋಗಿಬಿಟ್ರು. ಆಮ್ಯಾಲೆ ನೋಡಿದ್ರ ಎರಡು ಕಡೆ ಚಟ್ ಅಂದದ. ರಿಪೇರಿ ಆಗ್ತದೇನು?"

ಕಳೆದ ಸ್ಯಾಂಪಲ್ ವಾಪಸ್ ಬರುವುದಿಲ್ಲ. ಮುಚ್ಚಲು ಬರುತ್ತದೆ. ಚಟ್ ಬಿದ್ದದ್ದು ಬರೀ ತಂಬೂರಿ ಇರುವ ಜಾಗದಲ್ಲಾದರೆ ಅದೇ ತಂತಿಯ ಇನ್ನೊಂದು ಮೀಟನ್ನು ತಂದು ಕೂಡಿಸಿ, ಎರಡೂ ತುದಿಗೆ ಕೆಲವು ಮಿಲಿಸೆಕೆಂಡಿನ ಕ್ರಾಸ್‌ಫೇಡ್ (ಒಂದು ಆರುತ್ತ ಇನ್ನೊಂದು ಏರುವ ಜೋಡಣೆ) ಕೊಡಿ. ದನಿಯ ಮೇಲೆ ಬಿದ್ದಿದ್ದರೆ ಅಲೆಯನ್ನು ಸ್ಯಾಂಪಲ್ ಕಾಣುವಷ್ಟು ದೊಡ್ಡದು ಮಾಡಿ. ಉದ್ದಕ್ಕೆ ಹಿಡಿದ "ಆ" ಎಂಬ ಸ್ವರದಲ್ಲಿ ಅಲೆಯ ಒಂದೇ ಆಕೃತಿ ಮತ್ತೆ ಮತ್ತೆ ಬರುತ್ತಿರುತ್ತದೆ. ಮುರಿದ ಸುತ್ತನ್ನು ಇಡಿಯಾಗಿ ಕತ್ತರಿಸಿ ಅಕ್ಕಪಕ್ಕದ ಸುತ್ತುಗಳನ್ನು ಜೋಡಿಸಿ. ಜೋಡಣೆ ಅಲೆ ಸೊನ್ನೆ ಗೆರೆ ದಾಟುವ ಜಾಗದಲ್ಲೇ ಆಗಲಿ. ಒಂದು ಸುತ್ತು ಕಡಿಮೆಯಾದರೆ ಲಯಕ್ಕೆ ಏನೂ ಆಗುವುದಿಲ್ಲ, ಕೆಲವೇ ಮಿಲಿಸೆಕೆಂಡಿನ ಮಾತು ಅದು. ಮೈಕ್ ಒಂದಕ್ಕಿಂತ ಹೆಚ್ಚಿದ್ದರೆ ಎಲ್ಲ ಟ್ರ್ಯಾಕಿನಲ್ಲೂ ಅಷ್ಟನ್ನೇ ತೆಗೆಯಬೇಕು, ಇಲ್ಲದಿದ್ದರೆ ತಬಲಾ ಸರಿಯುತ್ತದೆ.

ಆ ಭೀಮಪಲಾಸಿನ ಮೊದಲ ಟೇಕೇ ಕೊನೆಗೆ ಚೆನ್ನಾಗಿ ಬಂದಿತ್ತು. ಅದರಲ್ಲಿ ಹೀಗೆ ಮೂರು ಕಡೆ ಹೊಲಿಗೆ ಹಾಕಿದ್ದೇನೆ. ಫೈಲ್ ಕೇಳಿದ ಗುರುಗಳು ಎರಡನೇ ಅಂತರಾದಲ್ಲಿ ತಮ್ಮ ನಿಷಾದ ಒಂದು ಕಡೆ ಸ್ವಲ್ಪ ಇಳಿದಿದೆ ಎಂದು ಹೇಳಿದರು. ಹೊಲಿಗೆಯ ಮಾತೇ ಎತ್ತಲಿಲ್ಲ.